ಅಪ್ಪಣೆ ಮುಟ್ಟದ ದೇಹ

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ತನ್ನ ಹೆಸರಿನ ಧ್ವನಿಗೆ ತಕ್ಕಂತೆ ಕಬ್ಬಿನ ಸೀಮೆಗೆ ಸೇರಿದ ಊರು. ಅಲ್ಲಿಂದ ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ಹೊರಟವರಿಗೆ ಆಳೆತ್ತರ ಬೆಳೆದ ಕಬ್ಬಿನ ಹೊಲಗಳು ಬಹುದೂರ ಜೊತೆಯಾಗಿ ಬರುತ್ತವೆ. ಇಂಥ ಊರಿನ ಒಬ್ಬ ರೈತನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ.

ಮಳೆ ತಡವಾದ ಆಷಾಢದ ಒಂದು ರಾತ್ರಿ. ಪಂಪಿಗೆ ವಿದ್ಯುತ್ತು ಬರುವುದು ನಡುರಾತ್ರಿಯ ಮೇಲೆ. ಅದು ಬಂದೊಡನೆ ಕಬ್ಬಿಗೆ ನೀರು ಹಾಯಿಸಬೇಕೆಂದು ಆತನು ತೋಟದ ಗುಡಿಸಲಿನಲ್ಲಿ ನೆಲದ ಮೇಲೆಯೇ ಕಂಬಳಿ ಹಾಸಿ ಮಲಗಿದ್ದಾನೆ. ನಿದ್ದೆಯಲ್ಲಿ ತೋಳಿಗೆ ಇರುವೆ ಕಚ್ಚಿದಂತಾಯಿತು. ಮಗ್ಗುಲು ಬದಲಿಸಿ ಮತ್ತೆ ಮಲಗಿದನು. ನಸುಕಿನಲ್ಲಿ ಹೊಟ್ಟೆನೋವು ಕಾಣಿಸಿಕೊಂಡಿತು. ರಾತ್ರಿ ಉಂಡದ್ದು ಅರಗಿಲ್ಲವೆಂದು ಮನೆಯವರು ಭಾವಿಸಿದರು. ಹೊತ್ತೇರುವಷ್ಟರಲ್ಲಿ ಕಣ್ಣಿನ ರೆಪ್ಪೆಗಳು ಜೋಲತೊಡಗಿದವು, ಒಂದು ದೀಪ ಎರಡಾಗಿ ಕಂಡಿತು, ಮಾತು ತೊದಲಿತು, ಗುಟುಕು ನೀರು ಗಂಟಲಿನಲ್ಲಿ ಇಳಿಯದಾಯಿತು. ಬಳಿಕ ಕೈಕಾಲುಗಳು ಸೋತವು. ಕೊನೆಗೆ ಎದೆಯ ಏರಿಳಿತವೂ ಕಾಣದಷ್ಟು ಕ್ಷೀಣವಾಯಿತು. ಬೆಳಕು ಹಿಡಿದು ನೋಡಿದರೆ ಕಣ್ಣಿನ ಪಾಪೆ ಕಿರಿದಾಗದು. ಸುತ್ತ ನೆರೆದವರಲ್ಲಿ ಯಾರೋ “ಎಲ್ಲಾ ಮುಗೀತು” ಎಂದು ನಿಟ್ಟುಸಿರು ಬಿಟ್ಟರು.

ಆ ಮಾತನ್ನು ಆ ರೈತನು ಕೇಳಿಸಿಕೊಂಡನು!

ರೈತನು ನಮ್ಮ ಕಲ್ಪನೆಯವನು. ಆದರೆ ಆತನ ಸ್ಥಿತಿ ಕಲ್ಪನೆಯದಲ್ಲ. ಕಟ್ಟುಹಾವು ಕಚ್ಚಿದವರಲ್ಲಿ ಈ ಲಕ್ಷಣಗಳು ಹೀಗೆಯೇ ಒಂದರ ಹಿಂದೆ ಒಂದು ಕಾಣಿಸಿಕೊಳ್ಳುವುದನ್ನು ವೈದ್ಯರು ಕಂಡಿದ್ದಾರೆ. ಈ ಹಾವಿಗೆ ಗಡಿಯಾಚೆಯ ಮರಾಠಿಯಲ್ಲಿ ಮಣ್ಯಾರ್ ಎಂದು ಹೆಸರು. ಕಪ್ಪು ಮೈ, ಅದರ ಮೇಲೆ ತೆಳುವಾದ ಬಿಳಿಯ ಅಡ್ಡಪಟ್ಟೆಗಳು. ಹಗಲಲ್ಲಿ ಅಡಗಿದ್ದು ಇರುಳಿನಲ್ಲಿ ಸಂಚರಿಸುವ ಇದರ ಕಡಿತದಲ್ಲಿ ನೋವಾಗಲಿ ಬಾವಾಗಲಿ ಬಹಳ ಕಡಿಮೆ. ಮೈಯ ಒಂದೊಂದೇ ಸ್ನಾಯು ಕೆಲಸ ನಿಲ್ಲಿಸುತ್ತಿದ್ದರೂ ಉಸಿರು ಸಾಕಷ್ಟು ನಡೆಯುತ್ತಿರುವವರೆಗೆ ಎಚ್ಚರ ಉಳಿದಿರುತ್ತದೆ, ಹೃದಯ ಮಿಡಿಯುತ್ತಿರುತ್ತದೆ. ಹಾಗಾದರೆ ನಿಂತುಹೋದದ್ದು ಯಾವುದು? ಮಿದುಳೇ? ನರವೇ? ಸ್ನಾಯುವೇ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಆ ರೈತನನ್ನು ಉಳಿಸುವ ಉಪಾಯವೂ ಸಿಕ್ಕಿದಂತೆಯೇ. ಉತ್ತರಕ್ಕಾಗಿ ನಾವು ನರಮಂಡಲದ ರಚನೆಯನ್ನು ಮೇಲಿನಿಂದ ಕೆಳಕ್ಕೆ, ಮಿದುಳಿನಿಂದ ಸ್ನಾಯುವಿನವರೆಗೆ, ಹೆಜ್ಜೆಹೆಜ್ಜೆಯಾಗಿ ನೋಡಿಕೊಂಡು ಬರಬೇಕು.

ಮಿದುಳು, ಬೆನ್ನುಹುರಿ, ನರಗಳು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳುಗಳದೇ ಒಂದು ಸಂಗ್ರಹಾಲಯವಿದೆ. ಅಲ್ಲಿ ಮನುಷ್ಯನ ಮಿದುಳನ್ನು ಕಂಡವರಿಗೆ, ಇಷ್ಟು ಸಣ್ಣ ವಸ್ತುವಿನಿಂದ ಇಷ್ಟೆಲ್ಲ ಕಾರ್ಯ ನಡೆಯುವುದೇ ಎಂದು ಸೋಜಿಗವಾಗದಿರದು. ಅದರ ತೂಕ ೧.೩ ರಿಂದ ೧.೪ ಕಿಲೋಗ್ರಾಂ. ಅದರಲ್ಲಿರುವ ನರಕೋಶಗಳ ಸಂಖ್ಯೆ ಸುಮಾರು ೮,೬೦೦ ಕೋಟಿ. ದೇಹದ ತೂಕದಲ್ಲಿ ಐವತ್ತನೆಯ ಒಂದು ಪಾಲಿನಷ್ಟಿದ್ದರೂ, ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಇದೊಂದೇ ಬಳಸಿಕೊಳ್ಳುತ್ತದೆ. ಭೌತಶಾಸ್ತ್ರದ ಲೆಕ್ಕದಲ್ಲಿ ಹೇಳುವುದಾದರೆ ಇದು ಸುಮಾರು ೨೦ ವಾಟ್. ಒಂದು ಸಣ್ಣ ದೀಪಕ್ಕೆ ಸಾಲುವಷ್ಟು.

ಮಿದುಳಿನ ಬುಡದಿಂದ ಬೆನ್ನುಹುರಿ ಹೊರಡುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ಸುರಕ್ಷಿತವಾಗಿ ಇಳಿಯುವ ಇದರ ಉದ್ದ ವಯಸ್ಕನಲ್ಲಿ ಸುಮಾರು ೪೫ ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು. ಮಿದುಳು ಮತ್ತು ಬೆನ್ನುಹುರಿ ಕೂಡಿ ಕೇಂದ್ರ ನರಮಂಡಲ. ಮಿದುಳಿನಿಂದ ೧೨ ಜೊತೆ, ಬೆನ್ನುಹುರಿಯಿಂದ ೩೧ ಜೊತೆ ನರಗಳು ಹೊರಟು, ಕವಲೊಡೆಯುತ್ತ ಮೈಯೆಲ್ಲ ಹರಡುತ್ತವೆ. ಇವುಗಳಲ್ಲಿ ಕೆಲವು ತಂತುಗಳು ಕಣ್ಣು, ಕಿವಿ, ಚರ್ಮಗಳಿಂದ ಸುದ್ದಿಯನ್ನು ಒಳಗೆ ತರುತ್ತವೆ. ಉಳಿದವು ಒಳಗಿನ ಅಪ್ಪಣೆಯನ್ನು ಸ್ನಾಯುಗಳಿಗೂ ಗ್ರಂಥಿಗಳಿಗೂ ಮುಟ್ಟಿಸುತ್ತವೆ.

ಎಲ್ಲ ಅಪ್ಪಣೆಗಳೂ ಮಿದುಳಿನಿಂದಲೇ ಬರಬೇಕೆಂಬ ನಿಯಮವಿಲ್ಲ. ರೊಟ್ಟಿ ಸುಡುವಾಗ ಬೆರಳು ಕಾದ ಹಂಚಿಗೆ ತಗಲಿದರೆ, “ಸುಟ್ಟಿತು” ಎಂಬ ಅರಿವು ಮೂಡುವ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ. ಅಪ್ಪಣೆ ಬೆನ್ನುಹುರಿಯಿಂದಲೇ ಹೊರಟಿತು; ಮಿದುಳಿಗೆ ಸುದ್ದಿ ಹೋದದ್ದು ಅನಂತರ. ಜಠರ, ಕರುಳು, ರಕ್ತನಾಳಗಳ ಕೆಲಸವನ್ನು ನೋಡಿಕೊಳ್ಳುವುದಕ್ಕೆ ಸ್ವಯಂಚಾಲಿತವಾದ ಬೇರೊಂದು ವಿಭಾಗವೇ ಉಂಟು. ಹೃದಯವಂತೂ ತನ್ನ ಮಿಡಿತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನರಗಳು ಅದರ ವೇಗವನ್ನು ಹೆಚ್ಚು ಕಡಿಮೆ ಮಾಡಬಲ್ಲವೇ ಹೊರತು, ಅಪ್ಪಣೆ ಬಾರದಿದ್ದರೆ ಅದು ನಿಲ್ಲುವುದಿಲ್ಲ.

ಉಸಿರಾಟದ ವಿಷಯ ಹಾಗಲ್ಲ. ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗದಲ್ಲಿ ಉಸಿರಿನ ತಾಳ ಹುಟ್ಟುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಡುವ ಒಂದು ಜೊತೆ ನರಗಳು ಆ ಅಪ್ಪಣೆಯನ್ನು, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಅಗಲವಾದ ಸ್ನಾಯುವಿಗೆ ತಲುಪಿಸುತ್ತವೆ. ನಾವು ನಿದ್ರಿಸುವಾಗಲೂ ನಿಮಿಷಕ್ಕೆ ಹನ್ನೆರಡು ಹದಿನೈದು ಬಾರಿ ಈ ಅಪ್ಪಣೆ ಹೋಗುತ್ತಲೇ ಇರಬೇಕು. ವಪೆಗೆ ಹೃದಯದಂತೆ ಸ್ವಂತ ತಾಳವಿಲ್ಲ. ಅಪ್ಪಣೆ ಮುಟ್ಟದಿದ್ದರೆ ಅದು ಸುಮ್ಮನೆ ಸಡಿಲಾಗಿ ಬಿದ್ದಿರುತ್ತದೆ. ನಮ್ಮ ರೈತನ ಪ್ರಾಣಸಂಕಟವಿರುವುದು ಇಲ್ಲಿಯೇ.

ತಂತಿಯಲ್ಲದ ತಂತಿ

ನರವನ್ನು ವಿದ್ಯುತ್ ತಂತಿಗೆ ಹೋಲಿಸುವುದು ವಾಡಿಕೆ. ಭೌತಶಾಸ್ತ್ರವನ್ನು ಕಲಿಸುವ ನಮಗೆ ಈ ಹೋಲಿಕೆ ಮೊದಲು ಹಿಡಿಸುವುದೂ ಸಹಜವೇ. ಆದರೆ ಸ್ವಲ್ಪ ಲೆಕ್ಕ ಹಾಕಿದೊಡನೆ ಅದು ನಿಲ್ಲುವುದಿಲ್ಲ. ತಾಮ್ರದ ತಂತಿಯಲ್ಲಿ ಸಂಕೇತವು ಸೆಕೆಂಡಿಗೆ ಲಕ್ಷಾಂತರ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ನರದಲ್ಲಿ? ಆ ವೇಗವನ್ನು ಅಳೆಯುವುದೇ ಅಸಾಧ್ಯವೆಂದು ಹತ್ತೊಂಬತ್ತನೆಯ ಶತಮಾನದ ಘನವಿದ್ವಾಂಸರು ಕೂಡ ನಂಬಿದ್ದರು. ಭೌತವಿಜ್ಞಾನಿಯೂ ವೈದ್ಯನೂ ಆಗಿದ್ದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ೧೮೫೦ರಲ್ಲಿ ಅದನ್ನು ಅಳೆದೇಬಿಟ್ಟನು. ಕಪ್ಪೆಯ ಕಾಲಿನ ನರವನ್ನು ಸ್ನಾಯುವಿಗೆ ಹತ್ತಿರವಾದ ಒಂದು ಜಾಗದಲ್ಲಿ, ಬಳಿಕ ದೂರವಾದ ಇನ್ನೊಂದು ಜಾಗದಲ್ಲಿ ಪ್ರಚೋದಿಸಿ, ಸ್ನಾಯು ಸೆಳೆಯುವುದಕ್ಕೆ ಹಿಡಿದ ಕಾಲಗಳ ಅಂತರವನ್ನು ನೋಡಿದನು. ದೊರೆತ ವೇಗ ಸೆಕೆಂಡಿಗೆ ಸುಮಾರು ೨೭ ಮೀಟರ್. ನಮ್ಮ ರೈಲುಗಾಡಿಗಳು ಓಡಬಲ್ಲ ವೇಗವಿದು!

ಮನುಷ್ಯನ ದಪ್ಪವಾದ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಅವುಗಳಲ್ಲಿ ವೇಗವು ೧೨೦ ಮೀಟರ್‌ವರೆಗೂ ಏರುವುದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಅದು ಸೆಕೆಂಡಿಗೆ ಒಂದೆರಡು ಮೀಟರ್ ಮಾತ್ರ. ಕಾಲ್ಬೆರಳು ಕಲ್ಲಿಗೆ ಎಡವಿದಾಗ ತಗಲಿದ ಅರಿವು ಒಡನೆಯೇ ಬಂದು, ಸುಡುವ ನೋವು ಒಂದು ಕ್ಷಣ ತಡವಾಗಿ ಬರುವುದನ್ನು ಎಲ್ಲರೂ ಅನುಭವಿಸಿರುತ್ತಾರೆ. ಸುದ್ದಿ ತಂದ ತಂತುಗಳು ಬೇರೆ ಬೇರೆ ಎಂಬುದೇ ಇದಕ್ಕೆ ಕಾರಣ.

ವೇಗ ಇಷ್ಟು ಕಡಿಮೆಯಾಗಲು ಕಾರಣವೇನು? ನರಕೋಶದ ಪೊರೆಯನ್ನು ಗಮನಿಸೋಣ. ಒಂದು ನರಕೋಶದಿಂದ ಹೊರಡುವ ನೀಳವಾದ ತಂತುವಿಗೆ ಆಕ್ಸಾನ್ ಎಂದು ಹೆಸರು. ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಆಕ್ಸಾನ್ ಒಂದು ಮೀಟರ್ ಉದ್ದವಿದ್ದರೂ ಅದರ ದಪ್ಪ ತಲೆಗೂದಲಿಗಿಂತ ಎಷ್ಟೋ ಕಡಿಮೆ. ಅದರ ಪೊರೆಯ ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು, ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು. ಇದರಿಂದಾಗಿ ಒಳಬದಿಯು ಹೊರಬದಿಗಿಂತ ಸುಮಾರು ೭೦ ಮಿಲಿವೋಲ್ಟುಗಳಷ್ಟು ಋಣವಾಗಿರುತ್ತದೆ. ಬ್ಯಾಟರಿ ದೀಪದ ಒಂದು ಕೋಶದ ವೋಲ್ಟೇಜಿನಲ್ಲಿ ಇದು ಇಪ್ಪತ್ತನೆಯ ಒಂದು ಪಾಲು. ಅಲ್ಪವೆಂದು ತೋರಬಹುದು. ಆದರೆ ಪೊರೆಯ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರನ್ನು ೧೦ ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು ಏಳು ಪಾಲು! ವೋಲ್ಟೇಜನ್ನು ದಪ್ಪದಿಂದ ಭಾಗಿಸಿದರೆ ಮೀಟರಿಗೆ ಒಂದು ಕೋಟಿ ವೋಲ್ಟ್ ಬರುತ್ತದೆ. ಒಣಗಾಳಿಯಲ್ಲಿ ಕಿಡಿ ಹಾರುವುದಕ್ಕೆ ಮೀಟರಿಗೆ ೩೦ ಲಕ್ಷ ವೋಲ್ಟ್ ಸಾಕು. ಅಂದಮೇಲೆ ಪ್ರತಿಯೊಂದು ನರತಂತುವಿನ ಪೊರೆಯೂ ಗಾಳಿ ತಾಳಲಾರದಷ್ಟು ಪ್ರಬಲವಾದ ವಿದ್ಯುತ್ ಕ್ಷೇತ್ರವನ್ನು ಸದಾ ಹೊತ್ತು ನಿಂತಿದೆಯೆಂದಾಯಿತು.

ಪೊರೆಯಲ್ಲಿ ಸೂಕ್ಷ್ಮವಾದ ಬಾಗಿಲುಗಳಿವೆ. ಪ್ರಚೋದನೆ ಬಂದ ಜಾಗದಲ್ಲಿ ಸೋಡಿಯಂ ಬಾಗಿಲುಗಳು ತೆರೆದು, ಅಯಾನುಗಳು ಒಳನುಗ್ಗಿ, ಅಷ್ಟು ಭಾಗದ ಒಳಬದಿ ಕ್ಷಣಕಾಲ ಧನವಾಗುತ್ತದೆ. ಒಡನೆಯೇ ಪೊಟ್ಯಾಸಿಯಂ ಹೊರಹರಿದು ಮೊದಲಿನ ಸ್ಥಿತಿ ಮರಳುತ್ತದೆ. ಇದೆಲ್ಲ ಮುಗಿಯಲು ಬೇಕಾದುದು ಸೆಕೆಂಡಿನ ಸಾವಿರದ ಒಂದು ಪಾಲು. ಈ ಏರುಪೇರು ಪಕ್ಕದ ಬಾಗಿಲುಗಳನ್ನು ತೆರೆಯಿಸುತ್ತದೆ. ಅವು ತಮ್ಮ ಪಕ್ಕದವನ್ನು. ಮನೆಯ ಮೇಲ್ಛಾವಣಿಗೆ ಕಾಂಕ್ರೀಟು ಹಾಕುವಾಗ ಸಾಲಾಗಿ ನಿಂತವರು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೇವಷ್ಟೆ. ಅಲ್ಲಿ ಮನುಷ್ಯರು ಸ್ಥಳ ಬಿಟ್ಟು ಕದಲುವುದಿಲ್ಲ, ಬುಟ್ಟಿ ಮಾತ್ರ ಮೇಲಕ್ಕೆ ಹೋಗುತ್ತದೆ. ನರದ ಸುದ್ದಿಯೂ ಹಾಗೆಯೇ. ಪ್ರತಿ ಹೆಜ್ಜೆಯಲ್ಲಿಯೂ ಹೊಸ ಬಲ ಪಡೆಯುವುದರಿಂದ ಅದು ನಿಧಾನವಾದರೂ ಕೊನೆಯವರೆಗೆ ಕುಂದದೆ ಹೋಗುತ್ತದೆ. ಕಡಲಜೀವಿಯಾದ ಸ್ಕ್ವಿಡ್ಡಿನ ದಪ್ಪ ಆಕ್ಸಾನಿನಲ್ಲಿ ಈ ಕ್ರಿಯೆಯನ್ನು ಅಳೆದು, ೧೯೫೨ರಲ್ಲಿ ಅದಕ್ಕೆ ಗಣಿತದ ಸಮೀಕರಣಗಳನ್ನು ಕೊಟ್ಟ ಇಂಗ್ಲೆಂಡಿನ ಹಾಜ್ಕಿನ್ ಮತ್ತು ಹಕ್ಸ್‌ಲೀ ಅವರಿಗೆ ೧೯೬೩ರ ನೊಬೆಲ್ ಪಾರಿತೋಷಿಕದಲ್ಲಿ ಪಾಲು ದೊರೆಯಿತು.

ನಡುವಣ ಸಂದು

ಹೀಗೆ ವಪೆಯ ಅಂಚಿನವರೆಗೆ ಅಪ್ಪಣೆ ಬಂದಿತೆನ್ನೋಣ. ಇಲ್ಲಿ ಒಂದು ವಿಚಿತ್ರ. ನರದ ತುದಿಯೂ ಸ್ನಾಯುವೂ ಒಂದಕ್ಕೊಂದು ಅಂಟಿಕೊಂಡಿಲ್ಲ! ಇವೆರಡರ ನಡುವೆ ಮಿಲಿಮೀಟರಿನ ಇಪ್ಪತ್ತು ಸಾವಿರದ ಒಂದು ಪಾಲಿನಷ್ಟು ಅಗಲದ ಸಂದು ಇದೆ. ವಿದ್ಯುತ್ತು ಈ ಸಂದನ್ನು ಹಾರಲಾರದು. ಆದುದರಿಂದ ನರದ ತುದಿಯು ಬೇರೆ ಉಪಾಯವನ್ನು ಹೂಡುತ್ತದೆ. ಅಲ್ಲಿ ಕಿರುಚೀಲಗಳಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಶೇಖರವಾಗಿರುತ್ತದೆ. ಒಂದೊಂದು ಚೀಲದಲ್ಲಿಯೂ ಹಲವು ಸಾವಿರ ಅಣುಗಳು. ಸುದ್ದಿ ಬಂದೊಡನೆ ಹಲವು ಚೀಲಗಳು ಬಾಯ್ದೆರೆದು ಅಣುಗಳನ್ನು ಸಂದಿನೊಳಕ್ಕೆ ಸುರಿಯುತ್ತವೆ. ಅವು ಆಚೆಯ ದಡಕ್ಕೆ ಈಜಿ, ಸ್ನಾಯುವಿನ ಮೈಮೇಲಿರುವ ಗ್ರಾಹಕಗಳಲ್ಲಿ, ಬೀಗದೊಳಗೆ ಕೀಲಿಕೈ ಹೊಕ್ಕಂತೆ, ಕುಳಿತುಕೊಳ್ಳುತ್ತವೆ. ಸ್ನಾಯು ಸೆಳೆಯುತ್ತದೆ. ಮರುಕ್ಷಣವೇ ಒಂದು ಕಿಣ್ವವು ಅಣುಗಳನ್ನು ಮುರಿದು, ಮುಂದಿನ ಅಪ್ಪಣೆಗಾಗಿ ಸಂದನ್ನು ಗುಡಿಸಿಡುತ್ತದೆ.

ನರವು ರಾಸಾಯನಿಕದ ಮೂಲಕ ಮಾತಾಡುವುದೆಂಬುದಕ್ಕೆ ಮೊದಲ ಸಾಕ್ಷ್ಯವನ್ನು ೧೯೨೧ರಲ್ಲಿ ಓಟೋ ಲ್ಯೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯದಲ್ಲಿ ಕಂಡುಕೊಂಡನು. ಒಂದು ಹೃದಯದ ನರವನ್ನು ಕೆರಳಿಸಿ ಅದರ ಮಿಡಿತವನ್ನು ತಗ್ಗಿಸಿ, ಅದನ್ನು ಅದ್ದಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಕಿದಾಗ, ನರದ ಸೋಂಕೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು. ಲ್ಯೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲನಿಗೂ ೧೯೩೬ರ ನೊಬೆಲ್ ಪಾರಿತೋಷಿಕ ಸಂದಿತು.

ವಿಷ ಮಾಡುವ ಕೆಲಸ

ಈಗ ನಮ್ಮ ಪ್ರಶ್ನೆಗೆ ಉತ್ತರ ಹತ್ತಿರವಾಯಿತು. ಹಾವಿನ ವಿಷದ ದೊಡ್ಡ ಅಣುಗಳು ರಕ್ತದಿಂದ ಮಿದುಳಿನೊಳಕ್ಕೆ ಸುಲಭವಾಗಿ ನುಗ್ಗಲಾರವು. ಅಲ್ಲಿ ಅಂಥದೊಂದು ಕಾವಲು ಇದೆ. ಆದುದರಿಂದ ಮಿದುಳು ಕೆಟ್ಟಿಲ್ಲ. ಆಕ್ಸಾನಿನಲ್ಲಿ ಅಪ್ಪಣೆ ಹರಿಯುತ್ತಲೇ ಇದೆ. ಸ್ನಾಯುವೂ ಸೆಳೆಯಲು ಸಿದ್ಧವಾಗಿದೆ. ಕೆಟ್ಟಿರುವುದು ಆ ಕಣ್ಣಿಗೆ ಕಾಣದ ಸಂದು ಒಂದೇ.

ಸಂದನ್ನು ಕೆಡಿಸುವುದಕ್ಕೆ ಎರಡು ದಾರಿಗಳಿವೆ. ನಾಗರಹಾವಿನ ವಿಷವು ಆಚೆಯ ದಡದಲ್ಲಿ ಕೆಲಸ ಮಾಡುತ್ತದೆ. ಗ್ರಾಹಕಗಳ ಮೇಲೆ ತಾನೇ ಕುಳಿತು, ಬೀಗಕ್ಕೆ ಮೇಣ ತುಂಬಿದಂತೆ, ಅಸಿಟೈಲ್‌ಕೋಲಿನ್ನಿಗೆ ಎಡೆ ಇಲ್ಲದಂತೆ ಮಾಡುತ್ತದೆ. ಕಟ್ಟುಹಾವಿನ ವಿಷದಲ್ಲಿ ಇಂಥ ಅಂಶವೂ ಇದೆ. ಆದರೆ ಅದರ ಮುಖ್ಯವಾದ ಪೆಟ್ಟು ಬೀಳುವುದು ಈಚೆಯ ದಡಕ್ಕೆ. ಅದು ನರದ ತುದಿಯನ್ನೇ ಹಾಳುಮಾಡಿ ಕಿರುಚೀಲಗಳನ್ನು ಬರಿದುಮಾಡುತ್ತದೆ. ಈ ವ್ಯತ್ಯಾಸವು ಬರಿಯ ಪಾಂಡಿತ್ಯದ ಮಾತಲ್ಲ. ಸಂದನ್ನು ಗುಡಿಸುವ ಕಿಣ್ವವನ್ನು ನಿಯೋಸ್ಟಿಗ್ಮಿನ್ ಎಂಬ ಔಷಧಿಯಿಂದ ತಡೆದರೆ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ನಿಲ್ಲುತ್ತದೆ. ನಾಗರಹಾವು ಕಚ್ಚಿದವನಿಗೆ ಇದರಿಂದ ಸಹಾಯವಾಗುವುದುಂಟು. ಕಟ್ಟುಹಾವು ಕಚ್ಚಿದವನಲ್ಲಿ ಸುರಿಯುವುದೇ ನಿಂತಿರುವಾಗ ಗುಡಿಸುವವನನ್ನು ತಡೆದು ಫಲವೇನು?

ಈ ವಿಷಗಳೇ ವಿಜ್ಞಾನಕ್ಕೆ ಉಪಕಾರವನ್ನೂ ಮಾಡಿವೆ. ೧೯೬೩ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಕಟ್ಟುಹಾವಿನ ಬಂಧುವಾದ ಅಲ್ಲಿನ ಪಟ್ಟೆಹಾವೊಂದರ ವಿಷದಿಂದ, ಗ್ರಾಹಕಕ್ಕೆ ಬಿಡಿಸಲಾಗದಂತೆ ಅಂಟುವ ಅಂಶವನ್ನು ಬೇರ್ಪಡಿಸಿದರು. ಅದನ್ನೇ ಗುರುತುಪಟ್ಟಿಯಾಗಿ ಬಳಸಿ ಮುಂದಿನವರು ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಹೆಕ್ಕಿ ತೆಗೆದು ಪರೀಕ್ಷಿಸಲು ಸಾಧ್ಯವಾಯಿತು.

ತಿದಿಯ ಪಾಠ

ಸಂದು ಒಂದೇ ಕೆಟ್ಟಿದ್ದರೆ, ಅದು ಸರಿಹೋಗುವವರೆಗೆ ಹೊರಗಿನಿಂದ ಉಸಿರು ಕೊಟ್ಟು ಪ್ರಾಣವನ್ನು ಕಾಯಬಹುದಲ್ಲವೇ? ಕಾಯಬಹುದೆಂಬುದು ಹೊಸ ಸಂಗತಿಯಲ್ಲ. ದಕ್ಷಿಣ ಅಮೆರಿಕದ ಬೇಡರು ಬಾಣಕ್ಕೆ ಹಚ್ಚುವ ಕುರಾರೆ ಎಂಬ ಸಸ್ಯವಿಷವೂ ಇದೇ ಸಂದನ್ನು ಮುಚ್ಚುವಂಥದು. ೧೮೧೪ರಲ್ಲಿ ಲಂಡನಿನಲ್ಲಿ ಒಂದು ಹೆಣ್ಣು ಕತ್ತೆಗೆ ಇದನ್ನು ಕೊಟ್ಟರು. ಹತ್ತು ನಿಮಿಷದಲ್ಲಿ ಅದು ಸತ್ತಂತೆ ಬಿದ್ದಿತು. ಗಂಟಲಿನ ಗಾಳಿಗೊಳವೆಗೆ ರಂಧ್ರ ಮಾಡಿ, ಕಮ್ಮಾರರು ಬಳಸುವಂಥ ತಿದಿಯಿಂದ ಕೆಲವು ಗಂಟೆಗಳ ಕಾಲ ಗಾಳಿ ಊದಿದರು. ವಿಷದ ಪ್ರಭಾವ ಇಳಿದಾಗ ಕತ್ತೆ ತಲೆಯೆತ್ತಿತು, ಎದ್ದು ನಡೆದಾಡಿತು, ಮುಂದೆ ೧೮೩೯ರವರೆಗೆ ಬದುಕಿತು. ಅದೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಕ್ಲೋದ್ ಬರ್ನಾರನು ಕುರಾರೆ ಕೊಟ್ಟ ಕಪ್ಪೆಯಲ್ಲಿ ನರವನ್ನು ಕೆರಳಿಸಿದರೆ ಸ್ನಾಯು ಅಲುಗದೆಂದೂ, ಸ್ನಾಯುವನ್ನೇ ನೇರವಾಗಿ ಕೆರಳಿಸಿದರೆ ಸೆಳೆಯುವುದೆಂದೂ ತೋರಿಸಿದನು. ದೋಷವು ನಡುವೆ ಇದೆಯೆಂದು ಸಿದ್ಧವಾದದ್ದು ಹೀಗೆ.

ಇಂದು ತಿದಿಯ ಜಾಗದಲ್ಲಿ ಕೈಯಿಂದ ಒತ್ತುವ ಗಾಳಿಚೀಲವೂ, ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಯಂತ್ರವೂ ಬಂದಿವೆ. ಜೊತೆಗೆ ಹಾವಿನ ವಿಷಕ್ಕೆ ಪ್ರತಿವಿಷವಿದೆ. ಕುದುರೆಗಳಿಗೆ ಅಲ್ಪಪ್ರಮಾಣದಲ್ಲಿ ವಿಷ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ರಕ್ಷಕವಸ್ತುವನ್ನು ತೆಗೆದು ಶುದ್ಧಿಮಾಡಿ ಇದನ್ನು ತಯಾರಿಸುತ್ತಾರೆ. ನಮ್ಮ ದೇಶದ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕು ಹಾವುಗಳಿಗೆ ಕೂಡಿಯೇ ಆಗುತ್ತದೆ. ಆದರೆ ಒಂದು ಮಾತನ್ನು ನೆನಪಿನಲ್ಲಿಡಬೇಕು. ಪ್ರತಿವಿಷವು ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹಿಡಿಯಬಲ್ಲದು. ಆಗಲೇ ಹಾಳಾದ ನರದ ತುದಿಯನ್ನು ಅದು ಕಟ್ಟಿಕೊಡಲಾರದು. ಆ ತುದಿಯನ್ನು ದೇಹವೇ ಮರಳಿ ಬೆಳೆಸಿಕೊಳ್ಳಬೇಕು. ಅದಕ್ಕೆ ಹಲವು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಅಷ್ಟು ಕಾಲವೂ ಯಂತ್ರವೇ ಉಸಿರಾಡಿಸಬೇಕು. ಆದುದರಿಂದ ಬೇಗನೆ ಬಂದವನಿಗೆ ಪ್ರತಿವಿಷ ಸಾಕಾಗಬಹುದು. ತಡವಾಗಿ ಬಂದವನಿಗೆ ಅದರೊಡನೆ ಯಂತ್ರವೂ ಬೇಕಾಗುವುದು. ದಾರಿಯಲ್ಲಿಯೇ ಉಸಿರು ನಿಂತು, ಊದುವವರಿಲ್ಲದೆ ಕೆಲವು ನಿಮಿಷ ಕಳೆದವನಿಗೆ ಎರಡೂ ಪ್ರಯೋಜನಕ್ಕೆ ಬಾರದೆ ಹೋಗಬಹುದು. ಕಟ್ಟುಹಾವು ಕೊಲ್ಲುವುದು ಕಾಲಹರಣದ ಮೂಲಕ.

ನಮ್ಮ ನಾಡಿನ ಲೆಕ್ಕ

೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೧೨ ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಎಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಮಂದಿ ಹಳ್ಳಿಗರು. ಎಷ್ಟೋ ಸಾವುಗಳು ಆಸ್ಪತ್ರೆಯನ್ನು ಸೇರದೆ, ಲೆಕ್ಕಕ್ಕೂ ಸೇರದೆ ಹೋಗುತ್ತವೆ. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು, ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಗಳ ಸಾಲಿಗೆ ಸೇರಿಸಿತು. ಎಲ್ಲಿ ಎಷ್ಟು ಕಡಿತಗಳಾಗುತ್ತವೆಂದು ತಿಳಿದರಲ್ಲವೇ ಎಲ್ಲಿಗೆ ಎಷ್ಟು ಪ್ರತಿವಿಷ ಕಳುಹಿಸಬೇಕೆಂದು ತಿಳಿಯುವುದು! ಅದೇ ವರ್ಷದ ಮಾರ್ಚಿಯಲ್ಲಿ ಕೇಂದ್ರ ಸರಕಾರವು ೨೦೩೦ರ ವೇಳೆಗೆ ಇಂಥ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು. ಒಂದೇ ಜಾತಿಯ ಹಾವಾದರೂ ಸೀಮೆಯಿಂದ ಸೀಮೆಗೆ ವಿಷದ ಗುಣ ಬೇರೆಯಾಗುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಆದಕಾರಣ ಇನ್ನೂ ಉತ್ತಮವಾದ ಪ್ರತಿವಿಷಕ್ಕಾಗಿ ಪ್ರಯತ್ನಗಳು ನಡೆದಿವೆ.

ಈ ಪ್ರಯತ್ನಗಳು ಫಲಿಸುವವರೆಗೆ ನಮ್ಮ ಕೈಯಲ್ಲಿರುವುದೇನು? ಬಹಳವಿದೆ. ನೆಲದ ಮೇಲೆ ಮಲಗದೆ ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಕಟ್ಟುಹಾವಿನ ಭಯ ಬಹುಮಟ್ಟಿಗೆ ನೀಗಿತು. ಇರುಳಲ್ಲಿ ಬ್ಯಾಟರಿ ದೀಪವಿಲ್ಲದೆ ಕಬ್ಬಿಗೆ ಇಳಿಯಬಾರದು. ಕಚ್ಚಿದ ಮೇಲೆ ಗಾಯವನ್ನು ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಇವೆಲ್ಲ ಕೆಡುಕನ್ನೇ ತರುತ್ತವೆ. ಕಚ್ಚಿದ ಅಂಗವನ್ನು ಅಲುಗಿಸದೆ, ಉಂಗುರ, ಬಳೆ, ಕಡಗಗಳನ್ನು ತೆಗೆದು, ಧೈರ್ಯ ಹೇಳುತ್ತ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಹುಡುಕುತ್ತ ಹೊತ್ತು ಕಳೆಯಬಾರದು. ಮಳೆಗಾಲದ ಮುಂಜಾನೆ, ನೆಲದ ಮೇಲೆ ಮಲಗಿದ್ದವನಿಗೆ ಕಾರಣವಿಲ್ಲದೆ ಹೊಟ್ಟೆ ನೊಂದು ರೆಪ್ಪೆ ಜೋತರೆ, ಗಾಯ ಕಾಣದಿದ್ದರೂ ಕಟ್ಟುಹಾವನ್ನು ಶಂಕಿಸಬೇಕು.

ನಮ್ಮ ರೈತನು ಇನ್ನೂ ಅಲ್ಲಿಯೇ ಮಲಗಿದ್ದಾನೆ. ಆತನ ಮಿದುಳು ನಿಮಿಷಕ್ಕೆ ಹನ್ನೆರಡು ಬಾರಿ “ಉಸಿರಾಡು” ಎಂದು ಅಪ್ಪಣೆ ಕೊಡುತ್ತಿದೆ. ನರವು ಅದನ್ನು ತಪ್ಪದೆ ಹೊತ್ತು ತರುತ್ತಿದೆ. ಮಿಲಿಮೀಟರಿನ ಇಪ್ಪತ್ತು ಸಾವಿರದ ಒಂದು ಪಾಲಿನಷ್ಟು ದಾರಿ ಮಾತ್ರ ಬಾಕಿ. ಇದನ್ನು ತಿಳಿದವನೊಬ್ಬ ಆ ಗುಂಪಿನಲ್ಲಿದ್ದರೆ “ಎಲ್ಲಾ ಮುಗೀತು” ಎನ್ನುವುದಿಲ್ಲ. “ಗಾಡಿ ತರಿಸ್ರಿ” ಎನ್ನುತ್ತಾನೆ. ಉಸಿರು ನಿಂತರೆ ದಾರಿಯುದ್ದಕ್ಕೂ ಬಾಯಿಗೆ ಬಾಯಿಟ್ಟು ಗಾಳಿ ಊದುತ್ತಾನೆ. ಕಿವಿಯ ಬಳಿ ಬಾಗಿ, “ಅಣ್ಣಾ, ಅಂಜಬ್ಯಾಡ, ಆಸ್ಪತ್ರೆಗೆ ಹೊಂಟೇವಿ” ಎಂದೂ ಹೇಳುತ್ತಾನೆ. ಆ ಮಾತಿಗೆ ಉತ್ತರ ಬಾರದಿರಬಹುದು. ಆದರೆ ಕೇಳುವ ಕಿವಿ ಅಲ್ಲಿ ಇದೆ.